ಹಸಿರಿದೆ, ಹೂವೆಲ್ಲಿ?

ಕಳೆದ ದೀಪಾವಳಿ ರಜೆಯಲ್ಲಿ ಕುರುಗೋಡು ಹತ್ತಿರದ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಎರಡು ಎಕರೆ ಸೂರ್ಯಕಾಂತಿ ಅರಳಿ ನಿಂತಿತ್ತು. ಸೆಲ್ಫಿಗೆಂದು ಫೋನ್ ತೆಗೆದರೆ ಅತ್ತೆ ಕೈಗೊಂದು ಮೆತ್ತನೆ ಬಟ್ಟೆ ಕೊಟ್ಟರು. ‘ಸುಮ್ನೆ ನಿಲ್ಬೇಡ, ಹೂವು ಸವರು’ ಅಂದರು. ಒಂದು ಹೂವಿನ ಪರಾಗ ಇನ್ನೊಂದಕ್ಕೆ ತಾಗುವಂತೆ ಸವರುತ್ತ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಸಾಲು ಸಾಲು ನಡೆದೆವು. ಹಾಗೆ ಮಾಡದಿದ್ದರೆ ತೆನೆಯ ನಡುವಿನ ಕಾಳು ಜೊಳ್ಳಾಗುತ್ತದಂತೆ. ‘ಮೊದ್ಲು ಈ ಕೆಲ್ಸ ಜೇನುಹುಳ ಮಾಡ್ತಿದ್ವು. ಕೂಲಿ ಕೇಳ್ತಿರ್ಲಿಲ್ಲ’ ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ, ಕೈ ನೋಯುತ್ತಿತ್ತು.

ಸುತ್ತಲಿನ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಹೊಡೆಯುವ ಔಷಧಿಯೂ ಜೇನು ಕಡಿಮೆಯಾಗಲು ಒಂದು ಕಾರಣ, ನಿಜ. ಆದರೆ ಸೂರ್ಯಕಾಂತಿ ಅರಳುವುದು ಕೆಲವೇ ದಿನ. ವರ್ಷದ ಉಳಿದ ದಿನ ಜೇನು ತಿನ್ನುವುದೇನು?

ನಮ್ಮೂರು ಸಿರುಗುಪ್ಪ. ತುಂಗಭದ್ರಾ ಕಾಲುವೆ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಬಳ್ಳಾರಿಯ ಬಿಸಿಲಿನಿಂದ ಬಂದವರು ‘ಎಷ್ಟು ಹಸಿರು’ ಅನ್ನುತ್ತಾರೆ. ಆದರೆ ಭತ್ತದ ಹೂವಿನಲ್ಲಿ ಮಕರಂದವಿಲ್ಲ, ಅದಕ್ಕೆ ಜೇನಿನ ಹಂಗೂ ಇಲ್ಲ. ನಮಗೆ ಅನ್ನ ಕೊಡುವ ಗದ್ದೆ ಜೇನಿಗೆ ಹೆಚ್ಚುಕಡಿಮೆ ಬರಡು. ಬದುವಿನಲ್ಲಿ ಒಂದು ಹೊಂಗೆಯೋ ಬೇವೋ ಇದ್ದರೆ ಮಾತು ಬೇರೆ. ಆ ಮರಗಳೂ ನೆರಳು ಬೀಳುತ್ತದೆಂದು ಒಂದೊಂದಾಗಿ ಹೋಗುತ್ತಿವೆ.

ಇನ್ನು ನಾನು ಬಿಇ ಓದುತ್ತಿರುವ ಕಾಲೇಜಿನ ಕಥೆ. ಜೂನ್ 5ರಂದು ಸಾಲಾಗಿ ಕೊನೊಕಾರ್ಪಸ್ ನೆಟ್ಟೆವು. ಬೇಗ ಬೆಳೆಯುತ್ತದೆ, ಸದಾ ಹಸಿರು, ಕತ್ತರಿಸಿದರೆ ಗೋಡೆಯಂತೆ ಕಾಣುತ್ತದೆ. ಫೋಟೊದಲ್ಲಿ ನಾನೂ ಇದ್ದೇನೆ, ಹಲ್ಲು ಕಿರಿದುಕೊಂಡು. ಈ ಹೊರದೇಶದ ಗಿಡವನ್ನು ನೆಡುವುದನ್ನು ಗುಜರಾತ್ ಸರ್ಕಾರ 2023ರಲ್ಲೇ ನಿಷೇಧಿಸಿದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಹೊಂಗೆ ಯಾಕೆ ಬೇಡ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಹೂ ಉದುರಿ ಗಲೀಜಾಗುತ್ತೆ.’

ಬಳ್ಳಾರಿಯವರಾದ ನಾವು ಈ ಪಾಠವನ್ನು ಎಲ್ಲರಿಗಿಂತ ಮೊದಲೇ ಕಲಿಯಬೇಕಿತ್ತು. ನಮ್ಮ ಊರಿನ ಹೆಸರು ಹೊತ್ತ ‘ಬಳ್ಳಾರಿ ಜಾಲಿ’ ಬಳ್ಳಾರಿಯದ್ದೇ ಅಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ತಂದದ್ದು. ಅದರ ಹೂವಿಗೆ ಜೇನು ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಅದು ಹಬ್ಬಿದ ಕಡೆ ಬೇರೆ ಗಿಡ ಏಳುವುದೇ ಕಷ್ಟ. ಒಂದೇ ಅಂಗಡಿ ಇರುವ ಊರಿನ ಹಾಗೆ.

ಈ ಸಲ ನಾವು ಐದು ಜನ ಗೆಳೆಯರು ಎಕ್ಸೆಲ್‌ನಲ್ಲಿ ಹನ್ನೆರಡು ತಿಂಗಳ ಪಟ್ಟಿ ಮಾಡಿದೆವು (ಎಂಜಿನಿಯರಿಂಗ್ ಹುಡುಗರಿಗೆ ಬೇರೇನು ಬರುತ್ತದೆ). ಶಿವರಾತ್ರಿ ಹೊತ್ತಿಗೆ ಮುತ್ತುಗ. ಯುಗಾದಿ ಹೊತ್ತಿಗೆ ಬೇವು, ಹೊಂಗೆ. ಮಳೆಗಾಲದಲ್ಲಿ ಕರಿಜಾಲಿ, ಅದರ ಕೊನೆಗೆ ಎಲಚಿ. ಡಿಸೆಂಬರ್, ಜನವರಿ ಇನ್ನೂ ಖಾಲಿ ಇವೆ, ಬಲ್ಲವರು ಹೇಳಬೇಕು. ಇವೆಲ್ಲ ನಮ್ಮ ಒಣನೆಲದಲ್ಲಿ ಬೇರೂರಿ ಬದುಕುವ ಮರಗಳೇ. ಹೊಂಗೆ, ಬೇವು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಹಾಗಾಗಿ ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳಿಗೆ ನನ್ನದೊಂದೇ ಬೇಡಿಕೆ: ಜೂನ್ 5ಕ್ಕೆ ಮುಂಚೆ ಎಷ್ಟು ಸಸಿ ಎಂದು ಲೆಕ್ಕ ಹಾಕುವ ಜೊತೆಗೆ, ಯಾವ ತಿಂಗಳು ಯಾವುದು ಹೂ ಬಿಡುತ್ತದೆ ಎಂದೂ ಕೇಳಿ.

ಕಾಂಪೌಂಡ್ ಪಕ್ಕ ಹನ್ನೆರಡು ಗುಂಡಿಗಳಿಗೆ ಹೇಗೋ ಒಪ್ಪಿಗೆ ಸಿಕ್ಕಿದೆ. ತೊಂದರೆ ಇರುವುದು ಏಪ್ರಿಲ್, ಮೇನಲ್ಲಿ. ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೋದಾಗ ಸಸಿಗಳು ಸಾಯುತ್ತವೆ. ನೀರಿನ ಪಾಳಿಗೆ ಚೀಟಿ ಎತ್ತಿದೆವು. ಮೇ ತಿಂಗಳು ನನಗೆ ಬಂದಿದೆ. ಸಿರುಗುಪ್ಪದಿಂದ ವಾರಕ್ಕೆರಡು ಸಲ ಬಸ್ಸಿಗೆ ಬರುತ್ತೇನೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ.