ನಗರದ ಬಾವಿ, ಪಿನಾಕದ ಲೆಕ್ಕ

ಹೊಸನಗರ ತಾಲ್ಲೂಕಿನ ನಗರವೆಂದರೆ ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದು ಕರೆದ. ಆ ಊರಿನ ಹಾಳುಬಾವಿಯೊಂದರಿಂದ 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಹೊರತೆಗೆದರು. ಗೇಣುದ್ದದ ಕಬ್ಬಿಣದ ಕೊಳವೆಗಳು ಅವು. ಇನ್ನೂರು ವರ್ಷ ಕಳೆದರೂ ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಉಳಿದಿತ್ತು.

ಟಿಪ್ಪುವಿನ ಹೆಸರೆತ್ತಿದೊಡನೆ ನಮ್ಮಲ್ಲಿ ಹೊಗಳುವವರದೊಂದು ಗುಂಪು, ತೆಗಳುವವರದೊಂದು ಗುಂಪು ಎದ್ದು ನಿಲ್ಲುತ್ತದೆ. ನಾವು ಕೇಳುವ ಪ್ರಶ್ನೆ ಅದಲ್ಲ. ಆ ಸಾವಿರ ಕೊಳವೆಗಳನ್ನು ಬಡಿದು ಮಾಡಿದವರು ಯಾರು? ಸುಲ್ತಾನನೂ ಅಲ್ಲ, ದಳವಾಯಿಯೂ ಅಲ್ಲ. ತಿದಿಯೊತ್ತಿದವರು, ಸುತ್ತಿಗೆ ಹಿಡಿದವರು, ಮದ್ದು ಅರೆದವರು. ಅವರಲ್ಲಿ ಒಬ್ಬನ ಹೆಸರೂ ನಮಗೆ ತಿಳಿಯದು.

ಆ ಕೈಗಳ ಜಾಣ್ಮೆ ಎಂಥದೆಂಬುದನ್ನು ಶತ್ರುವೇ ಒಪ್ಪಿಕೊಂಡ. ಯೂರೋಪಿನಲ್ಲಿ ಬಾಣಬಿರುಸಿನ ಮದ್ದನ್ನು ಕಾಗದದ ಕೊಳವೆಯಲ್ಲಿ ತುಂಬುತ್ತಿದ್ದ ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಕಬ್ಬಿಣ ಒಳಗಿನ ಒತ್ತಡವನ್ನು ತಡೆಯಿತು. ಆದುದರಿಂದ ರಾಕೆಟ್ಟು ಹೆಚ್ಚು ದೂರ ಹಾರಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಸೈನ್ಯ ಇದರ ರುಚಿ ಕಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಮಾದರಿಗಳನ್ನು ಊಲಿಚ್‌ನ ಆಯುಧಾಗಾರಕ್ಕೆ ಒಯ್ದರು. ವಿಲಿಯಂ ಕಾಂಗ್ರೀವ್ ಅವನ್ನು ಪರೀಕ್ಷಿಸಿ ಸುಧಾರಿಸಿದ. 1807ರಲ್ಲಿ ಅಂಥ ರಾಕೆಟ್ಟುಗಳಿಂದ ಕೋಪನ್‌ಹೇಗನ್ ಪಟ್ಟಣವನ್ನು ಸುಟ್ಟರು. ಕಾಂಗ್ರೀವನ ಹೆಸರು ಪುಸ್ತಕಕ್ಕೆ ಹೋಯಿತು. ನಮ್ಮವರ ಕೆಲಸ ಬಾವಿಯ ಕೆಸರಿಗೆ ಹೋಯಿತು.

ಈಗ ಇಂದಿನ ಮಾತಿಗೆ ಬರೋಣ. ಶಿವನ ಬಿಲ್ಲಿನ ಹೆಸರು ಹೊತ್ತ ಪಿನಾಕ ರಾಕೆಟ್ ವ್ಯವಸ್ಥೆಯನ್ನು ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಎಂಟು ಗಾಲಿಯ ದೊಡ್ಡ ಲಾರಿಯ ಬೆನ್ನ ಮೇಲೆ ಹನ್ನೆರಡು ರಾಕೆಟ್ಟು. 44 ಸೆಕೆಂಡಿನಲ್ಲಿ ಹನ್ನೆರಡೂ ಹಾರುತ್ತವೆ. ಹಾರಿಸಿದ ಲಾರಿ ಶತ್ರು ಗುರಿಯಿಡುವ ಮೊದಲೇ ಜಾಗ ಬಿಡುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಇದು ಕೆಲಸ ಮಾಡಿತು. ಮೊದಲಿನದು 40 ಕಿ.ಮೀ. ಒಳಗೆ ಬೀಳುತ್ತಿತ್ತು. ಹಾರುತ್ತಲೇ ದಾರಿ ತಿದ್ದಿಕೊಳ್ಳುವ ಹೊಸದು 75 ಕಿ.ಮೀ. ಮುಟ್ಟುತ್ತದೆ, ಅಂದರೆ ಹೆಚ್ಚುಕಡಿಮೆ ಶಿವಮೊಗ್ಗೆಯಿಂದ ಸಾಗರದಷ್ಟು ದೂರ. 2025ರ ಡಿಸೆಂಬರ್ ಕೊನೆಯಲ್ಲಿ ಒಡಿಶಾದ ಚಾಂದೀಪುರದಲ್ಲಿ 120 ಕಿ.ಮೀ. ರಾಕೆಟ್ಟಿನ ಮೊದಲ ಪರೀಕ್ಷೆಯೂ ಆಯಿತು.

ದೇಶಕ್ಕೆ ಆಯುಧ ಬೇಡವೆಂದು ನಾವು ಹೇಳುವವರಲ್ಲ. ಗಡಿಯಲ್ಲಿ ನಿಂತವನು ಬಡವನ ಮಗ. ಅವನ ಕೈಗೆ ಒಳ್ಳೆಯ ಆಯುಧ ಕೊಡಬೇಕಾದದ್ದೇ. ನಮ್ಮ ಪ್ರಶ್ನೆ ಲೆಕ್ಕದ್ದು. 2025ರ ಫೆಬ್ರುವರಿಯಲ್ಲಿ ಪಿನಾಕದ ರಾಕೆಟ್ಟುಗಳಿಗಾಗಿಯೇ ಸರ್ಕಾರ 10,147 ಕೋಟಿ ರೂಪಾಯಿಯ ಕರಾರು ಮಾಡಿಕೊಂಡಿತು; ಅದರಲ್ಲಿ ಒಂದು ಕಂಪನಿ ಸರ್ಕಾರದ್ದು, ಇನ್ನೊಂದು ಖಾಸಗಿ ಬಂಡವಾಳದ್ದು. ಈ ಹಣ ಎಲ್ಲಿಂದ ಬಂತು? ಬೆಂಕಿಪೊಟ್ಟಣ ಕೊಂಡ ಕೂಲಿಯಿಂದ, ಮೂರು ತಿಂಗಳಿಗೊಮ್ಮೆ ಜಿ.ಎಸ್.ಟಿ. ಲೆಕ್ಕಕ್ಕೆ ತಲೆಕೆಡಿಸಿಕೊಳ್ಳುವ ಸಣ್ಣ ಅಂಗಡಿಯವನಿಂದ. ಕೊಟ್ಟವನಿಗೆ ಕೇಳುವ ಹಕ್ಕಿಲ್ಲವೆ?

ದುಡಿದವನ ಸ್ಥಿತಿಯನ್ನೂ ನೋಡಿ. ದೇಶದ 41 ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಮಂಡಲಿಯನ್ನು 2021ರ ಅಕ್ಟೋಬರ್ 1ರಂದು ವಿಸರ್ಜಿಸಿ ಏಳು ಕಂಪನಿಗಳಾಗಿ ಹಂಚಲಾಯಿತು. ಕಾರ್ಮಿಕ ಸಂಘಗಳು ಮುಷ್ಕರದ ಮಾತೆತ್ತಿದಾಗ ಅದೇ ವರ್ಷ ಮುಷ್ಕರವನ್ನೇ ಅಪರಾಧ ಮಾಡುವ ಕಾನೂನು ಬಂತು. ಪಿನಾಕದ ವಾಹನಗಳಿಗೆ 2020ರಲ್ಲಿ ಕರಾರು ಪಡೆದದ್ದು ಬೆಂಗಳೂರಿನ ಬಿ.ಇ.ಎಂ.ಎಲ್.; ಐದು ತಿಂಗಳೂ ಆಗಲಿಲ್ಲ, 2021ರ ಜನವರಿಯಲ್ಲಿ ಅದರ ನೂರಕ್ಕೆ 26ರಷ್ಟು ಪಾಲನ್ನು ಆಡಳಿತದ ಹಿಡಿತದೊಡನೆ ಮಾರಲು ಸರ್ಕಾರ ಖಾಸಗಿಯವರನ್ನು ಕರೆಯಿತು. ಇತ್ತ ನಮ್ಮ ಭದ್ರಾವತಿಯ ಉಕ್ಕಿನ ಕಾರ್ಖಾನೆ! ಮಿಶ್ರ ಉಕ್ಕು ಕಾಯಿಸಿ ಪಳಗಿದ ಕೈಗಳು ಅಲ್ಲಿವೆ. 2023ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿದರು. ಬಾಯಲ್ಲಿ ಸ್ವಾವಲಂಬನೆ, ಕೈಯಲ್ಲಿ ಬೀಗ!

ದೇಶದ ಅಗತ್ಯವೆಂದರೇನೆಂದು ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಗದ ನೀರು ನಾಡಿಗೆ ಬೆಳಕಾಯಿತು. 1964ರ ಲಿಂಗನಮಕ್ಕಿಯ ನೀರಿನಲ್ಲಿ ಮನೆ, ತೋಟ ಮುಳುಗಿಸಿಕೊಂಡವರು ಹಕ್ಕುಪತ್ರಕ್ಕಾಗಿ ಮೂರು ತಲೆಮಾರು ಅಲೆದರು. ಅಗತ್ಯ ಎಲ್ಲರದು, ನಷ್ಟ ಬಡವನದು, ಲಾಭ ಇನ್ನಾರದೋ. ಆಯುಧದ ವಿಷಯದಲ್ಲೂ ಇದೇ ನಡೆಯುತ್ತಿದೆ.

ನಗರದ ಬಾವಿ ಕಲಿಸುವ ಪಾಠ ಸ್ಪಷ್ಟವಾಗಿದೆ. ಅಂಥ ಒಳ್ಳೆಯ ಆಯುಧವಿದ್ದೂ ರಾಜ್ಯ ಉಳಿಯಲಿಲ್ಲ. ರಾಕೆಟ್ಟು ನಮ್ಮಲ್ಲಿತ್ತು, ಅದನ್ನು ಅಳೆದು, ಬರೆದಿಟ್ಟು, ಮುಂದಿನವನಿಗೆ ಕಲಿಸುವ ಏರ್ಪಾಡು ಊಲಿಚ್‌ನಲ್ಲಿತ್ತು. ಕುಶಲಿಯನ್ನು ಕಳೆದುಕೊಂಡ ದೇಶ ಎಷ್ಟು ದೂರದ ರಾಕೆಟ್ಟು ಕೊಂಡರೂ ಅದು ಇನ್ನೊಂದು ಬಾವಿ ತುಂಬುವ ಕೆಲಸವೇ.

ನಮ್ಮ ಬೇಡಿಕೆಗಳು ಮೂರು. ಆಯುಧ ತಯಾರಿಕೆ ಸರ್ಕಾರದ ಸ್ವಾಮ್ಯದಲ್ಲೇ ಉಳಿಯಲಿ, ದುಡಿಯುವವನ ಸಂಘಟನೆಯ ಹಕ್ಕಿಗೆ ಇನ್ನು ಕೈ ಹಾಕದಿರಲಿ. ರಕ್ಷಣೆಗೆ ಬೇಕಾದ ಉಕ್ಕಿನಲ್ಲಿ ಭದ್ರಾವತಿಗೆ ಪಾಲು ಸಿಗಲಿ. ನಗರದಲ್ಲಿ ಸಿಕ್ಕಿದ್ದರಲ್ಲಿ ಒಂದಷ್ಟನ್ನಾದರೂ ನಗರದಲ್ಲೇ ಇಟ್ಟು, ಕಬ್ಬಿಣದ ಕೆಲಸದವರ ಸಾಧನೆಯೆಂದು ಶಾಲೆಯ ಮಕ್ಕಳಿಗೆ ತೋರಿಸಲಿ.

1951ರಲ್ಲಿ ಕಾಗೋಡಿನ ಗೇಣಿದಾರರು ಜೈಲಿಗೆ ಹೋದದ್ದು ಯಾವುದಕ್ಕೆ? ಧಣಿಯ ಅಳತೆಯ ಕೊಳಗ ಸರಿಯಾಗಿರಲಿ ಎಂದು ಕೇಳಿದ್ದಕ್ಕೆ. ಭತ್ತಕ್ಕೆ ಅಂದು ಕೇಳಿದ ನ್ಯಾಯವನ್ನೇ ಉಕ್ಕಿಗೂ ಮದ್ದಿಗೂ ಇಂದು ಕೇಳುತ್ತಿದ್ದೇವೆ. ಕೊಳಗ ಸರಿಯಾಗುವವರೆಗೆ ಕೇಳುವುದನ್ನು ನಿಲ್ಲಿಸುವುದಿಲ್ಲ.