ಸೀಲ್ ಒಡೆದವನ ಪರವಾಗಿ

‘ಒಂದ್ಸಲ ಬಿಚ್ಚಿಸಿದ್ರೆ ಅದು ಸಾಮಾನಲ್ಲಪ್ಪ, ಗುಜರಿ. ಸುಮ್ನೆ ಹೊಸದು ತಗೊ.’ ಬೆಂಗಳೂರಿನ ಇಟ್ಟಮಡುವಿನ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಪ್ಲೇಸ್ಟೇಷನ್ 4 ಗೇಮ್ ಪೆಟ್ಟಿಗೆ ಹಿಡಿದು ನಿಂತಿದ್ದ ಕಾಲೇಜು ಹುಡುಗನಿಗೆ ಪಕ್ಕದ ಗಿರಾಕಿಯೊಬ್ಬರು ಪುಕ್ಕಟೆಯಾಗಿ ಕೊಟ್ಟ ಸಲಹೆಯಿದು. ಅವರ ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್ ನೇತಾಡುತ್ತಿತ್ತು. ಈಗಿನ ಯಂತ್ರಗಳು ಬಿಚ್ಚುವಂಥವಲ್ಲ, ಒಳಗಿನ ಮರ್ಮ ತಯಾರಿಸಿದವನಿಗೇ ಗೊತ್ತು, ನಾವು ಕೈ ಹಾಕುವುದು ಅಧಿಕಪ್ರಸಂಗ ಎಂಬ ಈ ಧೋರಣೆ ಈಚೆಗೆ ಬುದ್ಧಿವಂತಿಕೆಯ ಲಕ್ಷಣವೇ ಆಗಿಬಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ. ದುಡ್ಡು ಕೊಟ್ಟು ತಂದ ವಸ್ತುವನ್ನು ಬಿಚ್ಚಿ ನೋಡುವ ಹಕ್ಕಿಲ್ಲವೆಂದರೆ ನಾವು ಕೊಟ್ಟದ್ದು ಬೆಲೆಯಲ್ಲ, ಬಾಡಿಗೆ ಮನೆಯ ಅಡ್ವಾನ್ಸು. ಅದೂ ವಾಪಸ್ ಬಾರದ ಅಡ್ವಾನ್ಸು.

ಆ ಹುಡುಗನ ಯಂತ್ರಕ್ಕೆ ಬಂದಿದ್ದ ರೋಗ ಈ ಊರಿನ ಪ್ಲೇಸ್ಟೇಷನ್‌ಗಳಿಗೆಲ್ಲ ಇಂದಲ್ಲ ನಾಳೆ ಬರುವಂಥದು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಟಿವಿಯ ಮಾತೇ ಕೇಳಿಸದಷ್ಟು ಫ್ಯಾನ್ ಸದ್ದು. ಆಮೇಲೆ ಬಿಸಿ ಹೆಚ್ಚಾಯಿತೆಂಬ ಎಚ್ಚರಿಕೆ. ಕೊನೆಗೆ ತಾನಾಗಿ ಬಂದ್. ಕಾರಣ ಧೂಳು. ನೀರಿನ ಪೈಪಿಗೊಮ್ಮೆ, ಕೇಬಲ್ಲಿಗೊಮ್ಮೆ ರಸ್ತೆ ಅಗೆಯುವ ಬೆಂಗಳೂರಿನಲ್ಲಿ, ಟಿವಿ ಷೋಕೇಸಿನ ಕೆಳಗಿನ ಗೂಡಿನಲ್ಲಿ ಕೂತ ಯಂತ್ರ ಬೇರೇನನ್ನು ಉಸಿರಾಡೀತು?

ಬಿಚ್ಚುವುದೆಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಿದವರು ಇಷ್ಟು ಹೆದರುವುದಿಲ್ಲ. ಭಾರತಕ್ಕೆ 2014ರ ಜನವರಿಯಲ್ಲಿ 39,990 ರೂಪಾಯಿಗೆ ಬಂದ ಮೊದಲ ಮಾದರಿಯನ್ನೇ ತೆಗೆದುಕೊಳ್ಳಿ. ಹಿಂಬದಿಯಲ್ಲಿ ನಾಲ್ಕು ಸ್ಕ್ರೂಗಳಿವೆ, ಕೆಲವು ವಾರಂಟಿ ಸ್ಟಿಕ್ಕರಿನಡಿ ಅಡಗಿವೆ. ಮನೆಯ ಸ್ಕ್ರೂಡ್ರೈವರ್ ಅವಕ್ಕೆ ಕೂರುವುದಿಲ್ಲ. ನಕ್ಷತ್ರದಾಕಾರದ ಕುಳಿ, ಅದರ ನಡುವೆ ಬೇಕೆಂದೇ ನಿಲ್ಲಿಸಿದ ಸಣ್ಣ ಕಡ್ಡಿ. ತಕ್ಕ ಬಿಟ್ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ತಳದ ಕವಚ ಜಾರಿಸಿ, ಪವರ್ ಸಪ್ಲೈಯನ್ನು ನೆಟ್ಟಗೆ ಮೇಲಕ್ಕೆತ್ತಿದರೆ ಫ್ಯಾನೂ ಹೀಟ್‌ಸಿಂಕೂ ಕಾಣುತ್ತವೆ. ಫ್ಯಾನಿನ ಗಾಳಿ ಹಾಯಬೇಕಾದ ತೆಳು ತಗಡುಗಳ ಸಂದಿಯಲ್ಲಿ ಧೂಳು, ಕೂದಲು, ಊದುಬತ್ತಿ ಹೊಗೆಯ ಜಿಡ್ಡು ಸೇರಿ ಹೆಪ್ಪುಗಟ್ಟಿರುತ್ತದೆ. ಚಿಮಟಿಗೆಯಲ್ಲಿ ಹಿಡಿದೆಳೆದರೆ ಇಡೀ ಪದರವೇ ಎದ್ದು ಬರುತ್ತದೆ. ಬೆಚ್ಚಗಿನ ಜಾಗವೆಂದು ಜಿರಳೆಗಳು ಸಂಸಾರ ಹೂಡಿರುವುದೂ ಉಂಟು. (ಅಮೆರಿಕದ ರಿಪೇರಿಯವರೂ ಇದೇ ದೂರು ಹೇಳುತ್ತಾರೆ; ನಾವು ನಾಚಿಕೊಳ್ಳಬೇಕಾಗಿಲ್ಲ.) ಬ್ರಷ್ ಆಡಿಸಿ, ಬೋರ್ಡ್ ತೆಗೆದು, ಚಿಪ್ಪಿನ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಫ್ಯಾನ್ ತೆಪ್ಪಗಾಗುತ್ತದೆ. ಗುಜರಿಗೆ ಹೋಗಬೇಕಿದ್ದದ್ದು ಇನ್ನೂ ಕೆಲವು ವರ್ಷ ಬಾಳುತ್ತದೆ.

ಇನ್ನು, ‘ಕಂಪನಿಯವರಿಗೇ ಗೊತ್ತು’ ಎಂಬ ಮಾತು. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರ ಕಥೆ ಹಾಗೆನ್ನುವವರಿಗೆ ನೆನಪಿಲ್ಲವೇನೋ. ಪವರ್ ಬಟನ್ ಸುತ್ತ ಮೂರು ಕೆಂಪು ದೀಪ ಹೊತ್ತಿತೆಂದರೆ ಯಂತ್ರ ಸತ್ತಂತೆ. 2007ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ಮೂರು ವರ್ಷದ ವಾರಂಟಿ ಘೋಷಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ಗ್ರಾಫಿಕ್ಸ್ ಚಿಪ್ಪಿನ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ಮುಚ್ಚಳ ತೆಗೆದು ನೋಡಿದ ಹವ್ಯಾಸಿಗಳು ಮೊದಲಿಂದಲೂ ಶಾಖದ ಮೇಲೇ ಅನುಮಾನಪಟ್ಟಿದ್ದರು. ಅವರ ಮದ್ದುಗಳಲ್ಲಿ ಕೆಲವು ನಗೆಪಾಟಲು ಎಂಬುದನ್ನು ಒಪ್ಪುತ್ತೇನೆ; ಯಂತ್ರಕ್ಕೆ ಟವೆಲ್ ಸುತ್ತಿ ಇನ್ನಷ್ಟು ಕಾಯಿಸಿದವರೂ ಇದ್ದರು. ಆದರೆ ಆ ಬೆಸುಗೆ ಹಾಕಿಸಿದವರೇನೂ ಸರ್ವಜ್ಞರಾಗಿರಲಿಲ್ಲ.

ಪ್ಲೇಸ್ಟೇಷನ್ 4ರದೇ ಇನ್ನೊಂದು ಸಂಗತಿ. ಅದರೊಳಗೆ ಗಡಿಯಾರ ನಡೆಸಲು ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಇದೆ. ವಾಚ್ ಅಂಗಡಿಯಲ್ಲೂ ಸಿಗುವಂಥದು. ಆ ಬ್ಯಾಟರಿ ಸತ್ತು, ಕಂಪನಿಯ ಸರ್ವರ್ ಕೂಡ ಸಿಗದಿದ್ದರೆ, ಕೊಂಡ ಆಟಗಳೇ ನಡೆಯುವುದಿಲ್ಲವೆಂಬುದು 2021ರಲ್ಲಿ ದೊಡ್ಡ ಗಲಾಟೆಯಾಯಿತು. ಕೆದಕಿ ನೋಡುವ ಚಟದವರು ಕೂಗಿ ಹೇಳಿದ ಮೇಲೆ ಆ ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಅದು ಸರಿಹೋಯಿತು.

ಬಿಚ್ಚಬಾರದೆನ್ನುವವರ ಎರಡು ಮಾತುಗಳಿಗೆ ಮಾತ್ರ ತೂಕವಿದೆ. ಒಂದು, ಅಪಾಯ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈಯ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು. ಆ ಡಬ್ಬಿಯನ್ನು ತಿಳಿಯದವರು ತೆರೆಯಲೇಬಾರದು. ಪ್ಲೇಸ್ಟೇಷನ್ 5ರ ಚಿಪ್ಪಿಗೆ ಪೇಸ್ಟಿನ ಬದಲು ದ್ರವ ಲೋಹ ಹಚ್ಚಿದ್ದಾರೆ. ಅದು ಬೋರ್ಡಿನ ಮೇಲೆ ಹರಿದರೆ ಶಾರ್ಟ್ ಆಗುತ್ತದೆ. ಇದೆಲ್ಲ ನಿಜ. ಆದರೆ ಅಪಾಯಕ್ಕೆ ಮದ್ದು ತಿಳಿವಳಿಕೆ, ಬೀಗವಲ್ಲ. 2020ರ ಅಕ್ಟೋಬರಿನಲ್ಲಿ ತಯಾರಕ ಕಂಪನಿ ಸೋನಿಯೇ ತನ್ನ ಎಂಜಿನಿಯರ್ ಯಾಸುಹಿರೊ ಓಟೊರಿ ಅವರ ಕೈಯಲ್ಲಿ ಈ ಯಂತ್ರವನ್ನು ಪೂರ್ತಿ ಬಿಚ್ಚಿಸಿ ವಿಡಿಯೋ ಬಿಡುಗಡೆ ಮಾಡಿತು. ಪಕ್ಕದ ಹಲಗೆಗಳನ್ನು ಉಪಕರಣವಿಲ್ಲದೆ ತೆಗೆಯಬಹುದು, ಧೂಳು ಸೇರುವ ಗುಳಿಗಳಿಂದ ವ್ಯಾಕ್ಯೂಮ್ ಹಿಡಿದು ಅದನ್ನು ಎಳೆದುಕೊಳ್ಳಬಹುದು, ಸ್ಟೋರೇಜನ್ನು ನಾವೇ ಹಾಕಿಕೊಳ್ಳಬಹುದು. ಮನಸ್ಸು ಮಾಡಿದರೆ ಹೀಗೂ ಕಟ್ಟಬಹುದೆಂದಾಯಿತಲ್ಲ!

ಎರಡನೆಯದು ಕಳ್ಳಪ್ರತಿ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಮೆಜೆಸ್ಟಿಕ್ ಸುತ್ತ ಯಂತ್ರಕ್ಕೆ ಚಿಪ್ ಹಾಕಿಸಿ, ನಕಲಿ ಡಿಸ್ಕ್ ತಂದು ಆಡಿದ ತಲೆಮಾರು ನಮ್ಮದೇ. ಆಟ ಮಾಡಿದವನ ಅನ್ನಕ್ಕೆ ಅದು ಕಲ್ಲು ಹಾಕಿದ್ದು ಸುಳ್ಳಲ್ಲ. ಆದರೆ ಇವತ್ತಿನ ಬೀಗಕ್ಕೆ ಸಿಕ್ಕಿಬೀಳುವವನು ಕಳ್ಳನಲ್ಲ. ಪ್ಲೇಸ್ಟೇಷನ್ 4ರಲ್ಲಿ ಡಿಸ್ಕ್ ಡ್ರೈವಿನ ಬೋರ್ಡನ್ನು ಮುಖ್ಯ ಬೋರ್ಡಿಗೆ ಗಂಟು ಹಾಕಿದ್ದಾರೆ. ಸತ್ತ ಯಂತ್ರದ ಡ್ರೈವನ್ನು ಅದರ ಬೋರ್ಡಿನ ಸಮೇತ ತೆಗೆದು ಇದಕ್ಕೆ ಹಾಕಿದರೆ ಯಂತ್ರ ಅದನ್ನು ಗುರುತಿಸಲು ಒಲ್ಲೆನ್ನುತ್ತದೆ. 2023ರ ಪ್ಲೇಸ್ಟೇಷನ್ 5ರಲ್ಲಿ ಡ್ರೈವನ್ನು ಕಳಚಿ ಜೋಡಿಸಬಹುದು, ಆದರೆ ಜೋಡಿಸಿದ ಮೇಲೆ ಇಂಟರ್ನೆಟ್ಟಿನಲ್ಲಿ ಕಂಪನಿಯ ಅಪ್ಪಣೆ ಬೇಕು. ಅಂಗಡಿಯಲ್ಲಿ ಡಿಸ್ಕ್ ಕೊಂಡು ಬಿಲ್ ಇಟ್ಟುಕೊಂಡವನೇ ಇಲ್ಲಿ ಕೈಕಟ್ಟಿ ನಿಲ್ಲಬೇಕು. ಅಮೆರಿಕದ ಕಾಪಿರೈಟ್ ಕಚೇರಿಗೂ ಇಂಥ ಬೀಗ ಅತಿ ಎನಿಸಿ, 2021ರಲ್ಲಿ ಡಿಸ್ಕ್ ಡ್ರೈವ್ ರಿಪೇರಿಗೆ ಮಾತ್ರ ಅದನ್ನು ಒಡೆಯಲು ವಿನಾಯಿತಿ ಸಿಕ್ಕಿತು.

ಸೀಲ್ ಒಡೆದರೆ ವಾರಂಟಿ ಹೋಗುತ್ತದೆ ಎನ್ನುವವರಿಗೆ ಒಂದೇ ಮಾತು: ಹತ್ತು ವರ್ಷದ ಯಂತ್ರಕ್ಕೆ ಯಾವ ವಾರಂಟಿ ಸ್ವಾಮಿ?

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಹೊಸಕೆರೆಹಳ್ಳಿ ರಿಂಗ್ ರೋಡಿನ ಪಿಇಎಸ್ ವಿಶ್ವವಿದ್ಯಾಲಯ ಆ ಅಂಗಡಿಗೆ ಹತ್ತಿರದಲ್ಲಿದೆ. ಎಂಜಿನಿಯರಿಂಗ್ ಓದುವ ಮಕ್ಕಳು ಈ ಬಡಾವಣೆಗಳ ಬಾಡಿಗೆ ರೂಮುಗಳಲ್ಲಿ ತುಂಬಿದ್ದಾರೆ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೂ ಗೇಮ್ ಪೆಟ್ಟಿಗೆಗೂ ಕುಂಕುಮ ಇಡುತ್ತೇವೆ, ನಿಂಬೆಹಣ್ಣು ಕುಯ್ಯುತ್ತೇವೆ. ಮಾರನೆಯ ದಿನ ಅದೇ ಮಕ್ಕಳಿಗೆ ‘ಮುಟ್ಟಬೇಡ’ ಎನ್ನುತ್ತೇವೆ. ಹೀಟ್‌ಸಿಂಕ್ ಎಂದರೇನೆಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದವನು ನಿಜವಾದ ಹೀಟ್‌ಸಿಂಕನ್ನು ಒಮ್ಮೆಯೂ ಬೆರಳಿಂದ ಮುಟ್ಟದೆ ಡಿಗ್ರಿ ಪಡೆಯುತ್ತಾನೆ. ಇದನ್ನು ವಿದ್ಯೆ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆ ಪುಟ್ಟ ಅಂಗಡಿಯಲ್ಲಿ, ದೀಪ ಕಟ್ಟಿದ ಭೂತಗನ್ನಡಿಯಡಿ ಬೆಸುಗೆ ಹಾಕುತ್ತ ಕೂತವನಿಗೆ ಡಿಗ್ರಿ ಇದೆಯೋ ಇಲ್ಲವೋ, ಯಂತ್ರ ಮಾತ್ರ ಅರ್ಥವಾಗಿದೆ.

ಕಾನೂನು ರಿಪೇರಿಯ ಕಡೆ ತಿರುಗಿದೆ, ಪೂರ್ತಿಯಾಗಿ ಅಲ್ಲ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಡಿಸೆಂಬರಿನಲ್ಲಿ ಪೋರ್ಟಲ್ ಬಂತು. ಆರಿಸಿಕೊಂಡ ವಲಯಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಸಾಮಾನು, ವಾಹನ. ಗೇಮ್ ಕನ್ಸೋಲಿನ ಹೆಸರಿಲ್ಲ. ಅಮೆರಿಕದ ಮಿನ್ನೆಸೋಟ, ಕ್ಯಾಲಿಫೋರ್ನಿಯಾಗಳ 2023ರ ಕಾಯ್ದೆಗಳಂತೂ ಕನ್ಸೋಲನ್ನು ಹೆಸರಿಸಿಯೇ ಹೊರಗಿಟ್ಟಿವೆ. ಆಟದ ಸಾಮಾನು ತಾನೇ ಎಂಬ ಉದಾಸೀನ ಸಲ್ಲದು. ಇದು ತಿಂಗಳ ಸಂಬಳವನ್ನೇ ನುಂಗುವ ಕಂಪ್ಯೂಟರ್. ಇಲಾಖೆಯವರು ತಮ್ಮ ಪಟ್ಟಿಯಲ್ಲಿ ಇದನ್ನು ಹೆಸರು ಹಿಡಿದು ಸೇರಿಸಲಿ, ಬಿಡಿಭಾಗವನ್ನೂ ರಿಪೇರಿಯ ಕೈಪಿಡಿಯನ್ನೂ ಹೊರಗಿನ ಅಂಗಡಿಗಳಿಗೆ ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಲಿ.