ನಡುದಾರಿಯ ವಿದ್ಯಾಂತರ

ಅಮೆರಿಕೆಯ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ 1898ನೆಯ ಇಸವಿಯಲ್ಲಿ ಸ್ಥಾಪಿತವಾದ ವಾಣಿಜ್ಯ ಕಾಲೇಜು ಇಂದು ಹಾಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅಲ್ಲಿ ಬಹುಕಾಲ ವಿದ್ಯಾರ್ಥಿಗಳು ಎರಡು ವರ್ಷ ಇತರ ಪಾಠಗಳನ್ನೋದಿ, ಸ್ಪರ್ಧೆಯಲ್ಲಿ ಗೆದ್ದು, ಮೂರನೆಯ ವರ್ಷಕ್ಕೆ ಸೇರುತ್ತಿದ್ದರು. 2024ರಿಂದ ಪ್ರಥಮ ವರ್ಷದಲ್ಲಿಯೇ ಸೇರಿಸಿಕೊಳ್ಳುವ ಕ್ರಮವು ಬಂದಿದೆ. ನಡುವೆ ಸೇರುವ ಮಾರ್ಗವು ಮುಚ್ಚಿಲ್ಲವಾದರೂ, ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳ ಪೂರ್ವಪಾಠಗಳು ಮೊದಲೇ ಮುಗಿದಿರಬೇಕು.

ಆದುದರಿಂದ, ಮಕ್ಕಳನ್ನು ಆ ದೇಶದಲ್ಲಿ ಓದಿಸುತ್ತಿರುವ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮಗನಾಗಲಿ ಮಗಳಾಗಲಿ ತಡವಾಗಿ ವಾಣಿಜ್ಯವಿದ್ಯೆಯನ್ನು ಬಯಸಿದರೆ ಕೋಪಗೊಳ್ಳಬೇಡಿರಿ. ಯಾವ ಪಾಠಗಳು ಉಳಿದಿವೆ, ಎಷ್ಟು ಕಾಲವೂ ಹಣವೂ ಹೆಚ್ಚಾಗಿ ಬೇಕು, ಪ್ರವೇಶ ದೊರೆಯದಿದ್ದರೆ ಯಾವ ಪದವಿ ಕೈಯಲ್ಲಿ ಉಳಿಯುವುದು ಎಂದು ಸಮಾಧಾನದಿಂದ ಕೇಳಿರಿ. ಅರ್ಥಶಾಸ್ತ್ರದ ಪದವಿಯಿಂದಲೂ ವ್ಯಾಪಾರರಂಗವನ್ನು ಪ್ರವೇಶಿಸಬಹುದೆಂಬುದನ್ನು ನಾವು ಮರೆಯಲಾಗದು.